ವಾಟದಮ್ಮನ ಹೆಸರಿನ ಒಂದೇ ಕಾಗದ

ಖಾಲಿ ಜಾಗ ತೋರಿಸಿ, ಇಲ್ಲೊಂದು ತೋಟ ಮಾಡಿಕೊಡಿ ಎಂದು ಕರೆದವರ ಹತ್ತಿರ ಆಕೆ ಮೊದಲು ಕೇಳುವುದು ಒಂದು ಕೊಡ ನೀರು. ಕುಡಿಯುವುದಕ್ಕಲ್ಲ. ಜಾಗದ ಎತ್ತರದ ಮೂಲೆಗೆ ಹೋಗಿ, ಚಪ್ಪಲಿ ಕಳಚಿಟ್ಟು, ಕೊಡ ಬಗ್ಗಿಸಿ ನೀರನ್ನು ಸಣ್ಣಗೆ ಸುರಿಯುತ್ತಾಳೆ. ಆಮೇಲೆ ಆ ನೀರಿನ ಹಿಂದೆಯೇ ನಡೆಯುತ್ತಾಳೆ. ಅದು ಎಲ್ಲಿ ಓಡಿತು, ಎಲ್ಲಿ ತಡೆದು ನಿಂತಿತು, ಎಲ್ಲಿ ಇಂಗಿಹೋಯಿತು ಎಂದು ನೋಡಿ ಅಲ್ಲಲ್ಲಿ ಒಂದೊಂದು ಗೂಟ ಹೊಡೆಯುತ್ತಾಳೆ. ಬಣ್ಣದ ಪುಸ್ತಕ ಬಿಡಿಸಿ ಹೂವಿನ ಚಿತ್ರ ತೋರಿಸುವವರನ್ನೇ ಕಂಡ ಮನೆಯೊಡೆಯರು, ಇವಳು ತೋಟ ಮಾಡಲು ಬಂದವಳೋ ಅಂಗಳ ತೊಳೆಯಲು ಬಂದವಳೋ ಎಂದು ಗುಸುಗುಸು ಮಾತಾಡಿಕೊಂಡದ್ದುಂಟು. ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರಿಗೆ ಗಾರೆಯವರು ವಾಟ ಎನ್ನುತ್ತಾರೆ. “ವಾಟ ಸರಿ ಇದ್ರೆ ಗಿಡ ತಾನಾಗೇ ಬರುತ್ತೆ, ವಾಟ ತಪ್ಪಿದ್ರೆ ಚಿನ್ನದ ಗೊಬ್ಬರ ಹಾಕಿದ್ರೂ ಕೊಳೆಯುತ್ತೆ” ಎಂಬುದು ಆಕೆಯ ಮಂತ್ರ. ಹಾಗಾಗಿ ಗಾರೆಯವರೇ ಇಟ್ಟ ಹೆಸರು ವಾಟದಮ್ಮ. ಹೆತ್ತವರಿಟ್ಟ ಹೆಸರು ಹಿಡಿದು ಕರೆಯುವವರು ಈಗ ಬ್ಯಾಂಕಿನ ಗುಮಾಸ್ತರು ಮಾತ್ರ.

ವಾಟದಮ್ಮನಿಗೆ ಐವತ್ತಾರು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಕಳೆದದ್ದು ಹೆಸರುವಾಸಿ ಆರ್ಕಿಟೆಕ್ಟ್ ಒಬ್ಬರ ಕಚೇರಿಯಲ್ಲಿ, ಕಿಟಕಿ ಪಕ್ಕದ ಕೊನೆಯ ಮೇಜಿನಲ್ಲಿ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬಳು ಬಿಡುವಿನಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ್ದ ತೋಟದ ನಕ್ಷೆಯನ್ನು ಕಂಡು, “ನಾಳೆಯಿಂದ ನಮ್ಮ ಆಫೀಸಿಗೆ ಬಾಮ್ಮ” ಎಂದವರು ಅವರೇ. ಹತ್ತನೇ ತರಗತಿಗೆ ಓದು ನಿಲ್ಲಿಸಿದ್ದವಳಿಗೆ ಕಾಗದದ ಮೇಲೆ ಅಳತೆ ಹಾಕುವುದನ್ನು, ಮಟ್ಟ ಗುರುತಿಸುವುದನ್ನು ಕೈ ಹಿಡಿದು ಕಲಿಸಿದವರೂ ಅವರೇ. ಆ ಋಣವನ್ನು ಆಕೆ ಒಂದು ದಿನವೂ ಮರೆತವಳಲ್ಲ. ಆದರೆ ಎರಡೇ ವರ್ಷದಲ್ಲಿ ಶಿಷ್ಯೆ ಗುರುವನ್ನು ದಾಟಿ ಮುಂದೆ ಹೋಗಿದ್ದಳು. ಸಾಹೇಬರಿಗೆ ಕಟ್ಟಡವೆಂದರೆ ಪ್ರಾಣ. ಸುತ್ತಲಿನದು ಅವರ ಪಾಲಿಗೆ ಉಳಿದ ಜಾಗ. ಆ ಉಳಿದ ಜಾಗಗಳನ್ನೆಲ್ಲ ವಾಟದಮ್ಮ ತೋಟ ಮಾಡಿದಳು. ನಕ್ಷೆ ಬರೆಯುವುದು ಆಕೆ, ಬಲಗಡೆಯ ಕೆಳಮೂಲೆಯಲ್ಲಿ ಸಹಿ ಹಾಕುವುದು ಸಾಹೇಬರು. ಹಾಜರಿ ಪುಸ್ತಕದಲ್ಲಿ ಆಕೆಯ ಹುದ್ದೆ ‘ಸಹಾಯಕಿ, ಗಿಡ ವಿಭಾಗ’. ಗಿಡ ವಿಭಾಗದಲ್ಲಿ ಇನ್ನೊಂದು ನರಪಿಳ್ಳೆಯೂ ಇರಲಿಲ್ಲ. ಸಹಾಯಕಿ ಯಾರಿಗೆ ಸಹಾಯ ಮಾಡುತ್ತಿದ್ದಳೋ ಆ ಮೇಜಿಗೇ ಗೊತ್ತು.

ಸಾಹೇಬರಿಗೆ ವಯಸ್ಸಾಗಿ ಕಚೇರಿ ಮುಚ್ಚಿ ಆರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಆಕೆ ಸ್ವಂತವಾಗಿ ಸಣ್ಣಪುಟ್ಟ ಮನೆ ತೋಟಗಳನ್ನು ಮಾಡಿಕೊಂಡು ನೆಮ್ಮದಿಯಾಗಿದ್ದಳು. ಅಷ್ಟರಲ್ಲಿ ಮಕ್ಕಳ ಆಸ್ಪತ್ರೆಯೊಂದರವರು ಹುಡುಕಿಕೊಂಡು ಬಂದರು. ಹೊಸ ಕಟ್ಟಡದ ಹಿಂದೆ ಎರಡು ಎಕರೆ ಬಯಲಿತ್ತು. ಹಾಸಿಗೆ ಹಿಡಿದ ಮಕ್ಕಳಿಗೆ ಕಿಟಕಿಯಿಂದ ಕಾಣುವಂತೆ, ಗಾಲಿಕುರ್ಚಿಯಲ್ಲಿ ಕೂತವರಿಗೆ ಕೈಗೆಟುಕುವಂತೆ ಅಲ್ಲೊಂದು ತೋಟ ಬೇಕಿತ್ತು. ವಾಟದಮ್ಮ ನಾಲ್ಕು ಮೂಲೆಗೂ ಕೊಡ ಬಗ್ಗಿಸಿ, ಎರಡು ತಿಂಗಳು ಕೂತು ನಕ್ಷೆ ಬರೆದಳು. ತನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಇನ್ಯಾವುದನ್ನೂ ಬರೆದಿಲ್ಲ ಎಂದು ಆಕೆಗೇ ಅನ್ನಿಸಿತ್ತು. ಆಸ್ಪತ್ರೆಯವರಿಗೂ ಅದು ಹಿಡಿಸಿತು. ಆಗ ಬಂತು ಹೊಸ ಕಾನೂನು.

ತೋಟ ವಿನ್ಯಾಸ ಮಾಡುವವರಿಗೆಂದೇ ಒಂದು ಮಂಡಳಿಯಾಗಿತ್ತು. ಸಾರ್ವಜನಿಕ ಜಾಗದ ನಕ್ಷೆಗೆ ಇನ್ನು ಮುಂದೆ ಮಂಡಳಿಯಲ್ಲಿ ‘ವಿನ್ಯಾಸಕರು’ ಎಂದು ನೋಂದಾಯಿಸಿಕೊಂಡವರೇ ಸಹಿ ಹಾಕಬೇಕು. ಡಿಗ್ರಿ ಇಲ್ಲದವರಿಗೂ ಒಂದು ಬಾಗಿಲು ತೆರೆದಿಟ್ಟಿದ್ದರು: ತಾವೇ ವಿನ್ಯಾಸ ಮಾಡಿದ, ಹತ್ತು ವರ್ಷ ಬಾಳಿದ ಒಂದು ಸಾರ್ವಜನಿಕ ತೋಟ ತೋರಿಸಿ, ಅದು ತಮ್ಮದೇ ಎಂಬುದಕ್ಕೆ ಬರಹದಲ್ಲಿ ಪುರಾವೆ ಕೊಡಬೇಕು. ಇಲ್ಲದಿದ್ದರೆ ‘ಪಾಲಕರು’ ಎಂಬ ಕೆಳಗಿನ ದರ್ಜೆ. ಪಾಲಕರು ಗಿಡ ನೋಡಿಕೊಳ್ಳಬಹುದು, ಸಹಿ ಹಾಕುವಂತಿಲ್ಲ. ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯ. ಆಸ್ಪತ್ರೆಯವರು ಸಂಕೋಚದಿಂದಲೇ ಹೇಳಿದರು: “ನಿಮಗೆ ಸಿಗದಿದ್ರೆ ಬೇರೆ ಯಾರಾದ್ರೂ ಸಹಿ ಹಾಕಿದ್ರಾಯ್ತು ಬಿಡಿ ಅಮ್ಮ. ತೋಟವಂತೂ ನಿಮ್ಮದೇ ಆಗಿರುತ್ತಲ್ಲ?”

ಇಪ್ಪತ್ತೆರಡು ವರ್ಷ ಕೇಳಿದ ಮಾತೇ ಅದು. ವಾಟದಮ್ಮನಿಗೆ ಮೈ ಉರಿಯಿತು.

ಮನೆಗೆ ಬಂದರೆ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಮನೆಯ ಮುಂಭಾಗದ ಕೋಣೆಯೇ ಆತನ ದರ್ಜಿ ಅಂಗಡಿ. ವಿಷಯ ಕೇಳಿ ಆತ ಹೊಲಿಯುತ್ತಿದ್ದ ಅಂಗಿಯ ಕಾಲರನ್ನು ಮಗುಚಿ ತೋರಿಸಿದ. ಒಳಗೆ ಬೆರಳುದ್ದದ ಬಟ್ಟೆಪಟ್ಟಿಯ ಮೇಲೆ ಅಂಗಡಿಯ ಹೆಸರಿತ್ತು.

“ನೋಡು ಮಾರಾಯ್ತಿ, ನಾನು ಹೊಲಿದಿದ್ದು ಹರಿದು ನೆಲ ಒರೆಸೋ ಬಟ್ಟೆ ಆದ್ರೂ ಇದು ಅಂಟ್ಕೊಂಡೇ ಇರುತ್ತೆ. ನೀನು ಅಷ್ಟು ವರ್ಷ ಪಟ್ಟಿ ಇಲ್ಲದ ಅಂಗಿ ಹೊಲಿದೆ.”

“ಪಟ್ಟಿ ಇತ್ತು ಕಣ್ರೀ. ಸಾಹೇಬರದ್ದು.”

“ಹಾಗಾದ್ರೆ ಅವರನ್ನೇ ಕೇಳು. ಒಂದು ಕಾಗದ ಬರೆದುಕೊಟ್ರೆ ಅವರ ಗಂಟೇನು ಹೋಗುತ್ತೆ?”

ಮರುದಿನ ಆಕೆ ಸಾಹೇಬರ ಮನೆಗೆ ಹೋದಳು. ಎಂಬತ್ನಾಲ್ಕರ ಮುದುಕರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕಾಲು ಸೋತಿತ್ತು; ಬುದ್ಧಿ ಮಾತ್ರ ಕತ್ತರಿಯ ಹಾಗೆ ಚುರುಕಾಗಿತ್ತು. ಅವಳನ್ನು ಕಂಡು ಮುಖ ಅರಳಿಸಿ, ಸೊಸೆಯನ್ನು ಕರೆದು ಚಹಾ ತರಿಸಿದರು. ಅವಳು ಮಾತು ಹೇಗೆ ತೆಗೆಯಲಿ ಎಂದು ತಡಕಾಡುತ್ತಿದ್ದಂತೆ ತಾವೇ, ಹಿಂದೆ ಕಚೇರಿಗೆ ದೊಡ್ಡ ಹೆಸರು ತಂದಿದ್ದ ಗ್ರಂಥಾಲಯದ ತೋಟದ ಕಥೆ ಎತ್ತಿದರು.

“ಆ ತಗ್ಗಂಗಳ ಇದ್ಯಲ್ಲಮ್ಮ, ಸುತ್ತ ಮೆಟ್ಟಿಲು, ಮಧ್ಯೆ ಜೊಂಡು, ಮಳೆನೀರು ಬಂದು ನಿಲ್ಲೋದು, ಸಂಜೆಗೆ ಇಂಗೋದು... ನನಗೆ ಅದು ಹೇಗೆ ಹೊಳೀತು ಗೊತ್ತಾ? ಒಂದಿನ ಬೆಳಿಗ್ಗೆ ಗಡ್ಡ ಕೆರ್ಕೊಳ್ತಾ ಇದ್ದೆ...”

ವಾಟದಮ್ಮ ಚಹಾದ ಲೋಟ ಹಿಡಿದು ಕೂತೇ ಇದ್ದಳು. ಆ ತಗ್ಗಂಗಳ ಹೊಳೆದದ್ದು ಯಾರಿಗೆ, ಎಂಥ ಸಂಕಟದಲ್ಲಿ ಎಂಬುದು ಆಕೆಗೆ ಗೊತ್ತಿತ್ತು. ಮುದುಕರು ಸುಳ್ಳು ಹೇಳುತ್ತಿದ್ದಾರೆ ಎಂದು ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರ ಮುಖದಲ್ಲಿ ಕಳ್ಳತನವೇ ಇಲ್ಲ. ಪತ್ರಿಕೆಯವರಿಗೆ ಹೇಳಿ, ಸನ್ಮಾನಗಳಲ್ಲಿ ಹೇಳಿ, ಮೊಮ್ಮಕ್ಕಳಿಗೆ ಹೇಳಿ, ಅದು ಅವರ ಪಾಲಿಗೆ ನಿಜವೇ ಆಗಿಹೋಗಿತ್ತು. ಕೊನೆಗೆ ಅವಳು ಕಾಗದ ಕೇಳಿದಾಗ ಖುಷಿಯಿಂದಲೇ ಬರೆದುಕೊಟ್ಟರು: ‘ಇವರು ನನ್ನ ಮಾರ್ಗದರ್ಶನದಲ್ಲಿ ಇಪ್ಪತ್ತೆರಡು ವರ್ಷ ನಿಷ್ಠೆಯಿಂದ ದುಡಿದಿದ್ದಾರೆ. ಗಿಡಗಳ ಆರೈಕೆಯಲ್ಲಿ ಇವರದು ಒಳ್ಳೆಯ ಕೈ.’

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಆಕೆ ಅದನ್ನು ಮೂರು ಸಲ ಓದಿದಳು. ಪಾಲಕರು ಎಂಬ ದರ್ಜೆಗೆ ಇದಕ್ಕಿಂತ ಒಳ್ಳೆಯ ಪತ್ರ ಬೇಕಿರಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ರಾತ್ರಿ ಊಟ ಬಡಿಸುವ ಹೊತ್ತಿಗೆ ಗಂಡ ಆ ಪತ್ರ ಓದಿ ಮಡಿಸಿಟ್ಟ. ಆಮೇಲೆ ತಟ್ಟೆ ನೋಡುತ್ತಲೇ, “ನಿನ್ನ ಅಳತೆ ಟೇಪುಗಳ ಡಬ್ಬದ ತಳದಲ್ಲಿ ಇನ್ನೊಂದು ಕಾಗದ ಇದ್ಯಲ್ಲ” ಎಂದ.

ವಾಟದಮ್ಮನ ಕೈಯಲ್ಲಿದ್ದ ಸೌಟು ನಿಂತಿತು. “ಅದು ನಿಮಗೆ ಹೇಗೆ ಗೊತ್ತು?”

“ಹದಿನೈದು ವರ್ಷದ ಹಿಂದೆ ಸೀಮೆಸುಣ್ಣ ಹುಡುಕ್ತಾ ಸಿಕ್ತು. ಓದಿ ಹಾಗೇ ಇಟ್ಟೆ. ನೀನೇ ಹೇಳ್ಲಿಲ್ಲ, ನಾನ್ಯಾಕೆ ಕೇಳ್ಲಿ?”

ಅದು ಹದಿನೇಳು ವರ್ಷ ಹಳೆಯ ಎಚ್ಚರಿಕೆ ಪತ್ರ. ಗ್ರಂಥಾಲಯದ ಅಂಗಳ ಮೊದಲು ಕಲ್ಲುಗಣಿಯ ಹೊಂಡವಾಗಿತ್ತು. ಲಾರಿಗಟ್ಟಲೆ ಮಣ್ಣು ಸುರಿದು ಅದನ್ನು ತುಂಬಿಸಿದ್ದರು. ಹೊಸ ಮಣ್ಣು ಇಳಿಯುತ್ತದೆ. ಅದಕ್ಕೆ ಒಂದು ಮಳೆಗಾಲ ಬಿಡಬೇಕು, ಆಮೇಲೇ ವಾಟ ಕೊಡಬೇಕು. ಇದು ಗಾರೆ ಕೆಲಸದ ಎಳೆಮಕ್ಕಳಿಗೂ ಗೊತ್ತು. ಆದರೆ ಉದ್ಘಾಟನೆಗೆ ಬರುವ ದೊಡ್ಡ ಮನುಷ್ಯರ ದಿನಾಂಕ ಆರು ತಿಂಗಳು ಹಿಂದಕ್ಕೆ, ಮಳೆಗಾಲಕ್ಕಿಂತ ಮೊದಲೇ ಬಂದು ಕೂತಿತು. ವಾಟದಮ್ಮ ಸಾಹೇಬರ ಮೇಜಿನ ಮುಂದೆ ನಿಂತು ಬೇಡಿಕೊಂಡಳು. “ಮಣ್ಣಿಗೋಸ್ಕರ ದಿನಾಂಕ ಬದಲಾಗುತ್ತೇನಮ್ಮ?” ಎಂದು ಅವರು ಫೋನು ಎತ್ತಿಕೊಂಡರು. ಆಕೆ ಸುಮ್ಮನಾದಳು. ಹಸಿ ಮಣ್ಣಿನ ಮೇಲೆಯೇ ರಸಮಟ್ಟ ಇಟ್ಟು, ನೂಲು ಎಳೆದು, ಆ ದಿನಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲದ ವಾಟ ಕೊಟ್ಟಳು. ಉದ್ಘಾಟನೆ ಭರ್ಜರಿಯಾಗಿ ಆಯಿತು.

ಮೊದಲ ದೊಡ್ಡ ಮಳೆಗೆ ಅಂಗಳ ಒಂದು ಗೇಣು ಕುಸಿಯಿತು. ವಾಟ ತಿರುಗಿತು. ಹೊರಗೆ ಹೋಗಬೇಕಾದ ನೀರು ನೆಟ್ಟಗೆ ಬಾಗಿಲಿಗೆ ಬಂತು. ಮಕ್ಕಳ ವಿಭಾಗದ ಕೆಳಗಿನ ಎರಡು ಸಾಲು ಪುಸ್ತಕ ಒದ್ದೆ ಮುದ್ದೆಯಾದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗ್ರಂಥಾಲಯ ಸಮಿತಿ ವಿವರಣೆ ಕೇಳಿತು. ಸಾಹೇಬರು ವಾಟದಮ್ಮನ ಪೂರ್ತಿ ಹೆಸರು ಹಾಕಿ ಪತ್ರ ಬರೆದು, ಒಂದು ಪ್ರತಿಯನ್ನು ಸಮಿತಿಗೂ ಕಳಿಸಿದರು: ‘ಈ ತೋಟದ ವಿನ್ಯಾಸ, ನೆಲದ ಮಟ್ಟ, ಗಿಡಗಳ ಆಯ್ಕೆ ಸಂಪೂರ್ಣವಾಗಿ ನಿಮ್ಮದೇ. ಕಚೇರಿಯ ಬೇರೆ ಯಾರೂ ಇದರಲ್ಲಿ ಕೈ ಹಾಕಿಲ್ಲ. ಆದ್ದರಿಂದ ಈ ತಪ್ಪಿಗೆ ನೀವೊಬ್ಬರೇ ಹೊಣೆ.’

ಆಕೆ ಅದನ್ನು ಎಂಟು ಮಡಿಕೆ ಮಾಡಿ ಡಬ್ಬದ ತಳಕ್ಕೆ ತುರುಕಿದ್ದಳು. ಆಮೇಲೆ ಆರು ವಾರ, ಭಾನುವಾರವೂ ಬಿಡದೆ, ಕುಸಿದ ಜಾಗವನ್ನು ತುಂಬಿಸುವ ಬದಲು ಇನ್ನೂ ಆಳಕ್ಕೆ ಅಗೆಸಿ, ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ಹಾಸಿ, ಸುತ್ತ ಮೆಟ್ಟಿಲು ಕಟ್ಟಿಸಿದಳು. ಅದೇ ತಗ್ಗಂಗಳ. ಅದು ಚೆನ್ನಾಗಿ ಬಂದ ಮೇಲೆ ಪತ್ರಿಕೆಯವರು ಬಂದರು. ಮೆಟ್ಟಿಲ ಮೇಲೆ ಸಾಹೇಬರನ್ನು ನಿಲ್ಲಿಸಿ ಫೋಟೋ ತೆಗೆದರು. ತಪ್ಪು ಆಕೆಯದು, ಒಪ್ಪು ಅವರದು, ಹಂಚಿಕೆ ಅಚ್ಚುಕಟ್ಟಾಗಿತ್ತು.

“ಅದನ್ನ ತೋರ್ಸು” ಎಂದ ಗಂಡ.

“ಹುಚ್ಚು ಹಿಡಿದಿದ್ಯಾ ನಿಮಗೆ? ಬೈಸ್ಕೊಂಡ ಕಾಗದ ತಗೊಂಡು ಹೋಗಿ ಬಿರುದು ಕೇಳ್ಲಾ?”

“ಬೈದಿರೋದು ಯಾರಿಗೆ ಅಂತ ಬರೆದಿದ್ಯಲ್ಲ, ಅಷ್ಟು ಸಾಕು. ಅಂಗಿ ಬಿಗಿಯಾಯ್ತು ಅಂತ ಗಿರಾಕಿ ಜಗಳಕ್ಕೆ ಬರೋದು ಹೊಲಿದವನ ಹತ್ತಿರಾನೇ.”

ಆಕೆ ಎರಡು ದಿನ ಡಬ್ಬದ ಕಡೆ ನೋಡಲಿಲ್ಲ. ಮೂರನೆಯ ದಿನ ಕಾಗದ ತೆಗೆದು, ಮಡಿಕೆಗಳ ಮೇಲೆ ಗಂಡನ ಇಸ್ತ್ರಿಪೆಟ್ಟಿಗೆ ಎಳೆದು, ಅರ್ಜಿಗೆ ಲಗತ್ತಿಸಿದಳು.

ಮಂಡಳಿಯ ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಮೂರು ಜನ. ನಡುವೆ ಅಧ್ಯಕ್ಷೆ, ಬೆಳ್ಳಗಿನ ಕೂದಲು, ದಪ್ಪ ಕನ್ನಡಕ. ಪಕ್ಕದ ಎಂಜಿನಿಯರು ಪತ್ರ ಓದಿ ನಗು ತಡೆಯಲಾರದೆ ಕೇಳಿದರು: “ಅಮ್ಮಾ, ಎಲ್ಲರೂ ಹೊಗಳಿಕೆ ಪತ್ರ ತರ್ತಾರೆ. ಇದು ಛೀಮಾರಿ ಪತ್ರ ಅಲ್ವಾ?”

“ಹೌದು ಸಾರ್. ಹೊಗಳಿಕೆ ಎಲ್ಲಾ ಸಾಹೇಬರ ವಿಳಾಸಕ್ಕೆ ಹೋಯ್ತು. ಬೈಗುಳ ಒಂದು ನನ್ನ ವಿಳಾಸಕ್ಕೆ ಬಂತು. ಮಾಡದೇ ಇರೋರಿಗೆ ಯಾರೂ ಬೈಯಲ್ಲ ಅಲ್ವಾ?”

ಎಂಜಿನಿಯರ ನಗು ಅಲ್ಲಿಗೆ ನಿಂತಿತು. ಅಧ್ಯಕ್ಷೆ ಆ ಅಂಗಳವನ್ನು ಹಿಂದಿನ ವಾರವೇ ನೋಡಿಬಂದಿದ್ದರು. ಅಡಿಯಲ್ಲಿ ಎಷ್ಟು ಆಳ ಕಲ್ಲಿದೆ, ಜೊಂಡಿನ ಬೇರು ಮೆಟ್ಟಿಲಿಗೆ ಯಾಕೆ ನುಗ್ಗಿಲ್ಲ, ಬೇಸಿಗೆಯಲ್ಲಿ ಏನು ಗತಿ ಎಂದು ಒಂದೊಂದೇ ಕೇಳಿದರು. ವಾಟದಮ್ಮ ಮನೆಯ ಅಡುಗೆ ಡಬ್ಬಗಳ ಲೆಕ್ಕ ಒಪ್ಪಿಸುವಂತೆ ಹೇಳುತ್ತಾ ಹೋದಳು. ಎಲ್ಲ ಕೇಳಿದ ಮೇಲೆ ಅಧ್ಯಕ್ಷೆ ಪೆನ್ನು ಕೆಳಗಿಟ್ಟರು.

“ನನಗೆ ಅನುಮಾನ ಇಲ್ಲಮ್ಮ. ಆದ್ರೆ ನಿಯಮ ಇದೆ. ಈ ಪತ್ರದ ಪ್ರತಿ, ಬರೆದವರಿಗೆ ಕಳಿಸ್ತೀವಿ. ಸಹಿ ತಮ್ಮದು, ವಿನ್ಯಾಸ ನಿಮ್ಮದು ಅಂತ ಅವರು ಒಪ್ಪಬೇಕು.”

ವಾಟದಮ್ಮ ಬೆಚ್ಚಿದಳು. ಬೆತ್ತದ ಕುರ್ಚಿ, ಚಹಾದ ಲೋಟ, ಗಡ್ಡ ಕೆರೆದುಕೊಳ್ಳುತ್ತ ಹೊಳೆದ ಕಥೆ ಎಲ್ಲ ಕಣ್ಣ ಮುಂದೆ ಬಂತು. “ಮೇಡಂ, ಅವರಿಗೆ ವಯಸ್ಸಾಗಿದೆ. ಕಳಿಸದೇ ಇದ್ರೆ ಆಗಲ್ವಾ?”

“ಕಳಿಸದೇ ಇದ್ರೆ ಇದು ಬರೀ ಹಳೇ ಕಾಗದ. ಹಿಂದಕ್ಕೆ ತಗೋತೀರಾ? ಪಾಲಕರ ದರ್ಜೆ ಇವತ್ತೇ ಕೊಡ್ತೀವಿ.”

ಕಾಗದ ಮೇಜಿನ ಮೇಲೆಯೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಿಂದೊಮ್ಮೆ ಒಂದು ಮೇಜಿನ ಮುಂದೆ ಹೀಗೇ ನಿಂತು ತಾನು ಸುಮ್ಮನಾದದ್ದು, ಒದ್ದೆ ಪುಸ್ತಕಗಳನ್ನು ಬಿಸಿಲಿಗೆ ಹರವಿದ್ದು ಆಕೆಗೆ ನೆನಪಾಯಿತು.

“ಕಳ್ಸಿ ಮೇಡಂ” ಎಂದಳು.

ಆ ಮೇಲಿನ ಹದಿನಾಲ್ಕು ದಿನ ಆಕೆ ಮನೆಯಲ್ಲಿ ಮುಟ್ಟಿದ್ದೆಲ್ಲ ಎಡವಟ್ಟು. ಗಿಡಕ್ಕೆ ಎರಡು ಸಲ ನೀರು ಹಾಕಿದಳು, ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಗಂಡ ತುಟಿ ಪಿಟಕ್ಕೆನ್ನದೆ ಉಂಡ. ಸಾಹೇಬರು ಸಹಿ ನನ್ನದಲ್ಲ ಎಂದುಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ಇಷ್ಟು ಮಾಡಿದ ನನಗೆ ಇವಳು ಹೀಗೆ ಮಾಡಿದಳಲ್ಲ ಎಂದು ಮುದುಕರು ಕೊರಗಿದರೆ? ಎರಡನೆಯದೇ ಅವಳನ್ನು ಹೆಚ್ಚು ತಿಂದದ್ದು.

ಹದಿನೈದನೆಯ ದಿನ ಮಂಡಳಿಯಿಂದ ಕರೆ ಬಂತು. ಗುಮಾಸ್ತೆಯೊಬ್ಬಳು ನೋಂದಣಿಯ ಪತ್ರ ಕೈಗಿತ್ತಳು. ‘ವಿನ್ಯಾಸಕರು’ ಎಂದು ದಪ್ಪಕ್ಷರದಲ್ಲಿತ್ತು, ಅದರ ಮೇಲೆ ಹೆತ್ತವರಿಟ್ಟ ಹೆಸರು. ವಾಟದಮ್ಮ ಅದನ್ನು ಓದಿ, ಮೊದಲು ಕೇಳಿದ್ದು, “ಸಾಹೇಬರು ಏನು ಬರೆದಿದ್ರು?”

ಗುಮಾಸ್ತೆ ಕಡತ ತಿರುಗಿಸಿ ತೋರಿಸಿದಳು. ನಡುಗುವ ಕೈಯ ಮೂರು ಸಾಲು: ‘ಸಹಿ ನನ್ನದು. ವಿನ್ಯಾಸ ಅವರದು. ಆದರೆ ಆ ಪತ್ರದಲ್ಲಿ ಒಂದು ಮಾತು ಸುಳ್ಳು.’

“ಯಾವ ಮಾತು ಅಂತ ಬರೆದಿಲ್ಲ” ಎಂದಳು ಗುಮಾಸ್ತೆ. “ನಮಗೆ ಮೊದಲೆರಡು ಸಾಕಾಯ್ತು.”

ವಾಟದಮ್ಮನಿಗೆ ಸಾಕಾಗಲಿಲ್ಲ. ಮರುದಿನವೇ ಆಸ್ಪತ್ರೆಯ ನಕ್ಷೆ ಸುರುಳಿ ಸುತ್ತಿಕೊಂಡು ಸಾಹೇಬರ ಮನೆಗೆ ಹೋದಳು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಮೆಟ್ಟಿಲು ಹತ್ತುವಾಗ ಎಲ್ಲ ಉದುರಿಹೋದವು. ಸಾಹೇಬರು ಸಿಟ್ಟನ್ನೂ ತೋರಿಸಲಿಲ್ಲ, ಮಾತನ್ನೂ ಎತ್ತಲಿಲ್ಲ. “ನಕ್ಷೆ ತಂದಿದ್ಯಾ? ಹರಡು” ಎಂದರು.

ಆಕೆ ಟೀಪಾಯಿಯ ಮೇಲೆ ಹರಡಿ ಮೂಲೆಗಳಿಗೆ ಲೋಟ, ಕನ್ನಡಕದ ಪೆಟ್ಟಿಗೆ ಇಟ್ಟಳು. ಮುದುಕರು ಬಗ್ಗಿ ತುಂಬ ಹೊತ್ತು ನೋಡಿದರು. ಗಾಲಿಕುರ್ಚಿಯ ದಾರಿಯ ಮೇಲೆ ಬೆರಳಾಡಿಸಿದರು. ಕಿಟಕಿಗಳಿಂದ ಎಳೆದ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿದರು. “ಚೆನ್ನಾಗಿದೆ” ಎಂದು, ಹಳೆಯ ಅಭ್ಯಾಸದ ಹಾಗೆ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಕೈಯನ್ನು ಬಲಗಡೆಯ ಕೆಳಮೂಲೆಗೆ ಒಯ್ದರು.

ಅಲ್ಲಿ ಆಗಲೇ ಸಹಿಯಿತ್ತು.

ಪೆನ್ನು ಗಾಳಿಯಲ್ಲೇ ನಿಂತಿತು. ಅವರು ಕನ್ನಡಕ ಏರಿಸಿಕೊಂಡು ಸಹಿಯ ಕೆಳಗೆ ಬರೆದಿದ್ದ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದಿದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಹೆಸರನ್ನು ಆಕೆ ಕೇಳಿದ್ದು ಅದೇ ಮೊದಲು.

“ಹಿಂದುಗಡೆ ಹೊಸ ಮಣ್ಣು ತುಂಬಿಸಿದ್ದಾರಾ?” ಎಂದು ಕೇಳಿದರು ಸಾಹೇಬರು.

“ಹೂಂ ಸಾರ್.”

“ಇಳಿಯೋಕೆ ಎಷ್ಟು ಸಮಯ ಕೊಟ್ಟಿದ್ಯಾ?”

“ಒಂದು ಪೂರ್ತಿ ಮಳೆಗಾಲ. ಅಲ್ಲಿವರೆಗೆ ಯಾರು ಹೇಳಿದ್ರೂ ನೂಲು ಹಿಡಿಯಲ್ಲ ಅಂತ ಬರೆದುಕೊಟ್ಟಿದ್ದೀನಿ.”

ಸಾಹೇಬರು ತಲೆಯಾಡಿಸಿದರು. ವರಾಂಡದ ಮುಂದಿನ ಮನೆಯಂಗಳದ ಕಡೆ ನೋಡಿದರು. ಆ ಅಂಗಳದ ವಾಟವನ್ನೂ ಕೊಟ್ಟವಳು ಅವಳೇ.

“ಆವತ್ತೂ ನೀನು ಮಳೆಗಾಲ ಕೇಳಿದ್ದೆ. ನನ್ನ ಮೇಜಿನ ಮುಂದೆ ನಿಂತು ಕೇಳಿದ್ದೆ. ಮಂಡಳಿಯಿಂದ ಆ ಕಾಗದ ಬಂತಲ್ಲ, ಓದ್ತಾ ಓದ್ತಾ ನೀನು ನಿಂತಿದ್ದು ಕಣ್ಣಿಗೆ ಕಟ್ಟಿತು. ಉಳಿದಿದ್ದೆಲ್ಲ ನಾನು ಏನೇನೋ ಹೇಳ್ಕೊಂಡು ಬಂದಿದ್ದೀನಿ, ಬಿಡು. ಆದ್ರೆ ಆ ತಪ್ಪು ನಿಂದಲ್ಲ ಕಣಮ್ಮ, ನಂದು. ಸುಳ್ಳು ಅಂತ ಬರೆದಿದ್ದು ಆ ಮಾತನ್ನೇ. ಯಾವ ಮಾತು ಅಂತ ಬಿಡಿಸಿ ಬರೆಯೋಕೆ ಕೈ ಬರ್ಲಿಲ್ಲ. ಇವತ್ತು ಬರೆದು ಕಳಿಸ್ತೀನಿ.”

ವಾಟದಮ್ಮನಿಗೆ ಅಳುವೂ ಬಂತು, ಅದರ ಬೆನ್ನಿಗೇ ನಗುವೂ ಬಂತು. ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಹಾಗೇ ಬಿಟ್ಟಳು.

“ಬೇಡ ಸಾರ್” ಎಂದಳು. “ಅಷ್ಟು ವರ್ಷದಲ್ಲಿ ನೀವು ನನ್ನ ಹೆಸರಿಗೆ ಬರೆದುಕೊಟ್ಟಿದ್ದು ಆ ತಪ್ಪೊಂದೇ. ಅದನ್ನೂ ನೀವೇ ತಗೊಂಡ್ರೆ ನನಗೇನು ಉಳಿಯುತ್ತೆ?”

ಮುದುಕರು ಅವಳ ಮುಖ ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಜೇಬಿಗಿಟ್ಟುಕೊಂಡು, ಇನ್ನೊಂದು ಲೋಟ ಚಹಾ ತರಲು ಸೊಸೆಯನ್ನು ಕರೆದರು.